ಒಂದೇ ಸೋಪಿಗೆ ಮೂರು ಲೆಕ್ಕ: ಕೇಸ್, ಡಜನ್, ಬಿಡಿ ದಾಸ್ತಾನನ್ನು ತಂತ್ರಾಂಶದಲ್ಲಿ ಹೊಂದಿಸುವುದು ಹೇಗೆ?

ಪ್ರಶ್ನೆ: ತುಮಕೂರಿನ ಮಂಡಿಪೇಟೆಯಲ್ಲಿ ನಮ್ಮದು ಸಗಟು ಕಿರಾಣಿ ಅಂಗಡಿ. ಗುಬ್ಬಿ, ಕೊರಟಗೆರೆ, ಮಧುಗಿರಿ ಕಡೆಯ ಅಂಗಡಿಗಳಿಗೆ ಸರಕು ಹಾಕುತ್ತೇವೆ. ಸೋಪು ನಮಗೆ ಕೇಸಿನಲ್ಲಿ, ಅಂದರೆ ದೊಡ್ಡ ರಟ್ಟಿನ ಡಬ್ಬದಲ್ಲಿ ಬರುತ್ತದೆ. ಹಳ್ಳಿಯ ಅಂಗಡಿಯವರು ಡಜನ್ ಲೆಕ್ಕದಲ್ಲಿ ಒಯ್ಯುತ್ತಾರೆ, ಎದುರಿಗೆ ಬಂದು ಕೇಳಿದವರಿಗೆ ಬಿಡಿಯಾಗಿಯೂ ಕೊಡುತ್ತೇವೆ. ಅದಕ್ಕಾಗಿ ತಂತ್ರಾಂಶದಲ್ಲಿ ಒಂದೇ ಸೋಪಿಗೆ ಕೇಸ್, ಡಜನ್, ಬಿಡಿ ಎಂದು ಮೂರು ಐಟಂ ಮಾಡಿಕೊಂಡಿದ್ದೇವೆ. ಈಗ ಒಂದು ಸೋಪಿನ ದಾಸ್ತಾನು ಕೇಸ್ 9, ಡಜನ್ ಮೈನಸ್ 31, ಬಿಡಿ ಮೈನಸ್ 47 ಎಂದು ತೋರಿಸುತ್ತಿದೆ. ಗೋದಾಮಿನಲ್ಲಿ ಇರುವುದು ಒಡೆಯದ 6 ಕೇಸ್ ಮತ್ತು ಒಡೆದ ಕೇಸಿನಲ್ಲಿ 13 ಸೋಪು. ಕೇಸಿಗೆ 144 ಸೋಪು. ಉಳಿದ ಮೂರು ಕೇಸ್ ಎಲ್ಲಿ ಹೋದವು? ಕೆಲಸದ ಹುಡುಗರ ಮೇಲೆ ಅನುಮಾನ ಶುರುವಾಗಿದೆ. ಇದನ್ನು ಸರಿಪಡಿಸುವುದು ಹೇಗೆ? ಅಕ್ಕಿ, ಹುಣಸೆ, ಎಣ್ಣೆಗೂ ಹೀಗೆಯೇ ಹಂತ ಹಾಕಬಹುದೆ? ಬಾರ್‌ಕೋಡ್ ಓದುವ ಯಂತ್ರವನ್ನೂ ತಂದಿದ್ದೇವೆ.

ಉತ್ತರ: ಮೊದಲು ಹುಡುಗರ ಮೇಲಿನ ಅನುಮಾನ ಬಿಡಿ. ನೀವೇ ಕೊಟ್ಟ ಅಂಕಿಗಳನ್ನು ಒಂದು ಚೀಟಿಯಲ್ಲಿ ಕೂಡಿ ಕಳೆಯಿರಿ. 9 ಕೇಸ್ ಎಂದರೆ 1,296 ಸೋಪು. ಅದರಲ್ಲಿ 31 ಡಜನ್, ಅಂದರೆ 372 ಕಳೆಯಿರಿ. ಇನ್ನೂ 47 ಬಿಡಿ ಕಳೆಯಿರಿ. ಉಳಿಯುವುದು 877. ಈಗ ಗೋದಾಮಿನ ಲೆಕ್ಕ: 6 ಕೇಸ್ ಎಂದರೆ 864, ಜೊತೆಗೆ 13. ಅದೂ 877. ಒಂದು ಸೋಪೂ ಕಳೆದಿಲ್ಲ. ಕಳೆದಿರುವುದು ಕೇಸ್ ಒಡೆದ ಸುದ್ದಿ ಮಾತ್ರ. ಹುಡುಗ ಕೇಸ್ ಬಿಚ್ಚಿ ಐದು ಡಜನ್ ಕೊಟ್ಟಾಗ ತಂತ್ರಾಂಶಕ್ಕೆ ಗೊತ್ತಾದದ್ದು ‘ಡಜನ್ ಐಟಂ ಐದು ಹೋಯಿತು’ ಎಂದಷ್ಟೇ. ಆ ಐಟಂನಲ್ಲಿ ಮೊದಲೇ ಏನೂ ಇರಲಿಲ್ಲವಾದ್ದರಿಂದ ಅದು ಮೈನಸ್‌ಗೆ ಇಳಿಯಿತು. ಕೇಸ್ ಐಟಂ ಮಾತ್ರ ಏನೂ ಆಗಿಲ್ಲವೆಂಬಂತೆ ನಿಂತಿತು.

ಒಂದು ಸರಕಿಗೆ ಮೂರು ಐಟಂ ಮಾಡಿದರೆ ತಂತ್ರಾಂಶದ ಕಣ್ಣಿಗೆ ಅವು ಸೋಪು, ಬೆಲ್ಲ, ಬೆಂಕಿಪೊಟ್ಟಣದಷ್ಟೇ ಬೇರೆ ಬೇರೆ ವಸ್ತುಗಳು. ನಿಮಗೆ ಬೇಕಾದದ್ದು ಒಂದು ಐಟಂ, ಅದಕ್ಕೊಂದು ಮೂಲ ಅಳತೆ, ಅದರ ಮೇಲೆ ಪ್ಯಾಕಿಂಗ್ ಹಂತಗಳು. ಕೊಳ್ಳುವಾಗ ಕೇಸ್ ಎಂದು ಬರೆಯಿರಿ, ಮಾರುವಾಗ ಡಜನ್ ಎಂದು ಬರೆಯಿರಿ, ಒಳಗೆ ಕೂಡುವುದೂ ಕಳೆಯುವುದೂ ಪೀಸ್‌ನಲ್ಲೇ ನಡೆಯಬೇಕು.

ಮೂಲ ಅಳತೆ ಯಾವುದು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಕೊಳ್ಳುವುದು ಕೇಸಿನಲ್ಲಿ, ಕಂಪನಿಯ ಬಿಲ್ಲೂ ಕೇಸಿನಲ್ಲಿ, ಆದ್ದರಿಂದ ಕೇಸೇ ಮೂಲ ಎಂದು ಹಾಕಿಬಿಡುತ್ತಾರೆ. ಆಗ ಒಂದು ಸೋಪು ಎಂದರೆ ಕೇಸಿನ 144ರಲ್ಲಿ ಒಂದು ಪಾಲು, 0.0069444... ಎಂದು ಮುಗಿಯದ ದಶಮಾಂಶ. ತಂತ್ರಾಂಶ ನಾಲ್ಕು ಸ್ಥಾನಕ್ಕೆ ನಿಲ್ಲಿಸಿದರೆ 0.0069. ಹೀಗೆ 144 ಸೋಪು ಬಿಡಿಯಾಗಿ ಮಾರಿ ಮುಗಿಸಿದರೂ ಹೋದದ್ದು 0.9936 ಕೇಸ್. ಖಾಲಿ ಡಬ್ಬ ಗುಜರಿಗೆ ಹೋಗಿರುತ್ತದೆ, ಪರದೆಯ ಮೇಲೆ ಅದರ ಚೂರು ಉಳಿದೇ ಇರುತ್ತದೆ. ಆದ್ದರಿಂದ ನಿಮ್ಮ ಅಂಗಡಿಯಿಂದ ಹೊರಗೆ ಹೋಗಬಹುದಾದ ಅತ್ಯಂತ ಚಿಕ್ಕ ವಸ್ತು, ತನ್ನದೇ ಎಂಆರ್‌ಪಿ ಹೊತ್ತದ್ದು ಯಾವುದೋ ಅದೇ ಮೂಲ. ಸೋಪಿನಲ್ಲಿ ಅದು ಒಂದು ಸೋಪು. ಶಾಂಪೂವಿನಲ್ಲಿ ಒಂದು ಸ್ಯಾಷೆ. ನೀವು ಸ್ಯಾಷೆಯನ್ನು ಎಂದೂ ಬಿಡಿ ಕೊಡದೆ ಸರವನ್ನೇ ಕೊಡುವವರಾದರೂ ಮೂಲವನ್ನು ಸ್ಯಾಷೆಯಲ್ಲಿಯೇ ಇಡಿ. ದೊಡ್ಡದರಿಂದ ಚಿಕ್ಕದಕ್ಕೆ ಆಮೇಲೆ ಇಳಿಯುವುದು ಬಹಳ ಕಷ್ಟ. ಇಆರ್‌ಪಿನೆಕ್ಸ್ಟ್‌ನಂಥ ತಂತ್ರಾಂಶದಲ್ಲಿ ಒಮ್ಮೆ ವಹಿವಾಟು ನಡೆದ ಮೇಲೆ ಐಟಂನ ಮೂಲ ಅಳತೆಯನ್ನು ನೇರವಾಗಿ ಬದಲಿಸಲು ಬಿಡುವುದೇ ಇಲ್ಲ. ಬಿಡದಿರುವುದೇ ಒಳ್ಳೆಯದು.

ಪೀಸ್ ಎಂಬ ಅಳತೆಗೆ ದಶಮಾಂಶ ಸೊನ್ನೆ ಎಂದು ಗೊತ್ತುಮಾಡಿ. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಅಳತೆ ಸೃಷ್ಟಿಸುವಾಗಲೇ ಎಷ್ಟು ದಶಮಾಂಶ ಎಂದು ಕೇಳುತ್ತದೆ, ಇಆರ್‌ಪಿನೆಕ್ಸ್ಟ್‌ನಲ್ಲಿ ಪೂರ್ಣಸಂಖ್ಯೆಯೇ ಆಗಬೇಕು ಎಂಬ ಗುರುತು ಇದೆ. ಬಿಲ್ ಬರೆಯುವವರು ಅವಸರದಲ್ಲಿ ಅರ್ಧ ಡಜನನ್ನು 0.5 ಪೀಸ್ ಎಂದು ಒತ್ತಿದಾಗ ತಡೆಯುವುದು ಇದೊಂದೇ.

ಈಗ ಹಂತಗಳು. ಇಲ್ಲಿ ತಂತ್ರಾಂಶಗಳಲ್ಲಿ ಎರಡು ಜಾತಿ ಇವೆ, ಮಾರಾಟಗಾರರು ಡೆಮೊ ತೋರಿಸುವಾಗ ಇದನ್ನು ಯಾಕೋ ಹೇಳುವುದಿಲ್ಲ. ಒಂದು ಜಾತಿ ಪ್ರತಿ ಹಂತಕ್ಕೂ ‘ಇದರಲ್ಲಿ ಮೂಲ ಅಳತೆ ಎಷ್ಟು’ ಎಂದು ಕೇಳುತ್ತದೆ: ಡಜನ್‌ಗೆ 12, ಕೇಸಿಗೆ 144. ಇನ್ನೊಂದು ಜಾತಿ ‘ಇದರಲ್ಲಿ ಕೆಳಗಿನ ಹಂತದ್ದು ಎಷ್ಟು’ ಎಂದು ಕೇಳುತ್ತದೆ: ಡಜನ್‌ಗೆ 12 ಪೀಸ್, ಕೇಸಿಗೆ 12 ಡಜನ್. ಎರಡನೆಯದರಲ್ಲಿ ಕೇಸಿಗೆ 144 ಎಂದು ತುಂಬಿದರೆ 1,728 ಸೋಪಿನ ಕೇಸ್ ಹುಟ್ಟುತ್ತದೆ. ಮೊದಲನೆಯದರಲ್ಲಿ 12 ಎಂದು ತುಂಬಿದರೆ ಇಡೀ ಕೇಸ್ ಒಂದು ಡಜನ್‌ಗೆ ಕುಗ್ಗುತ್ತದೆ. ಪರೀಕ್ಷಿಸಲು ಒಂದು ನಕಲಿ ಐಟಂ ಮಾಡಿ, ಒಂದು ಕೇಸ್ ಖರೀದಿ ಹಾಕಿ, ದಾಸ್ತಾನು ವರದಿಯನ್ನು ಪೀಸ್‌ನಲ್ಲಿ ತೆರೆಯಿರಿ. 144 ಬಂದರೆ ಸರಿ. ಆಮೇಲೆ ಐದು ಡಜನ್ ಮಾರಿ, 84 ಉಳಿಯಿತೇ ನೋಡಿ. ಈ ಕೆಲಸವನ್ನು ನಿಜವಾದ ಐಟಂ ಮೇಲೆ ಮಾಡಬೇಡಿ.

ಟ್ಯಾಲಿಯಲ್ಲಿ ಸಂಯುಕ್ತ ಅಳತೆ ಎಂಬುದೊಂದಿದೆ. ಅದು ಎರಡು ಸರಳ ಅಳತೆಗಳನ್ನು ಮಾತ್ರ ಜೋಡಿಸುತ್ತದೆ, ಸಂಯುಕ್ತದ ಮೇಲೆ ಇನ್ನೊಂದು ಸಂಯುಕ್ತ ಕಟ್ಟಲು ಬರುವುದಿಲ್ಲ. ಅಲ್ಲದೆ ‘ಕೇಸ್ ಎಂದರೆ 144 ಪೀಸ್’ ಎಂದು ಸಂಯುಕ್ತ ಅಳತೆ ಮಾಡಿಟ್ಟರೆ ಅದು ನಿಮ್ಮ ಅಂಗಡಿಯ ಇಡೀ ಲೆಕ್ಕದ ಫೈಲಿಗೆ ಸೇರಿದ ಅಳತೆ. ನಿಮ್ಮ ಬಿಸ್ಕತ್ತಿನ ಕೇಸಿಗೆ, ಟೀಪುಡಿಯ ಕೇಸಿಗೆ ಅದು ಹೊಂದುವುದಿಲ್ಲ. ಅದರ ಬದಲು ಐಟಂನ ಒಳಗೇ ಪರ್ಯಾಯ ಅಳತೆಯನ್ನು ಕೊಡಿ: ಮೂಲ ಪೀಸ್, ಪರ್ಯಾಯ ಕೇಸ್, ಈ ಐಟಂಗೆ 1 ಕೇಸ್ ಎಂದರೆ 144 ಪೀಸ್. ಡಜನ್ ಲೆಕ್ಕವನ್ನು ಬಿಲ್ಲಿನಲ್ಲಿ 12, 24, 60 ಎಂದು ಪೀಸ್‌ನಲ್ಲೇ ಒತ್ತಲಿ. ಮೂರು ನಾಲ್ಕು ಹಂತ ನಿಜವಾಗಿಯೂ ಬೇಕಾದವರು ಐಟಂಗೊಂದು ಪರಿವರ್ತನೆಯ ಪಟ್ಟಿ ಇರುವ ತಂತ್ರಾಂಶ ನೋಡಬೇಕು. ನಿಮ್ಮ ವ್ಯಾಪಾರಕ್ಕೆ ಅಷ್ಟು ಬೇಡ ಎಂದು ನನ್ನ ಅಭಿಪ್ರಾಯ.

ಹಂತ ಹೆಚ್ಚಿದಷ್ಟೂ ತಪ್ಪು ಹೆಚ್ಚು. ಯಾರಾದರೂ ಆ ಹಂತದಲ್ಲಿ ಕೊಳ್ಳುತ್ತಾರೆಯೇ, ಮಾರುತ್ತಾರೆಯೇ, ಗೋದಾಮಿನಲ್ಲಿ ಎಣಿಸುತ್ತಾರೆಯೇ? ಮೂರಕ್ಕೂ ಇಲ್ಲವೆಂದಾದರೆ ಆ ಹಂತ ಬೇಡ. ಲಾರಿಯ ಹಲಗೆಯ ಮೇಲೆ ಎಷ್ಟು ಕೇಸ್ ಜೋಡಿಸಿರುತ್ತಾರೆ ಎಂಬುದು ಕಂಪನಿಯ ಡಿಪೋದವರಿಗೆ ಬೇಕಾದ ಹಂತ, ನಿಮಗಲ್ಲ.

ಮುಂದಿನದು ನಿಜವಾಗಿ ತಲೆನೋವು ತರುವ ವಿಷಯ. ಕೇಸಿನ ಒಳಗಿನ ಸಂಖ್ಯೆ ಸ್ಥಿರವಲ್ಲ. ಇಂದು 144 ಇದ್ದದ್ದು ನಾಳೆ 120 ಆಗಿ ಬರಬಹುದು. 2025ರ ಸೆಪ್ಟೆಂಬರ್ 22ರಂದು ಸ್ನಾನದ ಸೋಪು, ಶಾಂಪೂ, ಬಿಸ್ಕತ್ತಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಾಗ ಕೆಲವು ಸರಕಿನಲ್ಲಿ ಎಂಆರ್‌ಪಿ ಇಳಿಯಿತು, ಐದು ಹತ್ತು ರೂಪಾಯಿಯ ಪೊಟ್ಟಣಗಳಲ್ಲಿ ಬೆಲೆ ಹಾಗೇ ಉಳಿದು ತೂಕ ಏರಿತು. ಇಂಥ ಬದಲಾವಣೆ ಬಂದಾಗ ಕಂಪ್ಯೂಟರ್ ಮುಂದೆ ಕುಳಿತವರು ಮಾಡುವ ಮೊದಲ ಕೆಲಸ ಐಟಂ ತೆರೆದು 144 ಅಳಿಸಿ 120 ಬರೆಯುವುದು. ದಯವಿಟ್ಟು ಹಾಗೆ ಮಾಡಬೇಡಿ. ಕೆಲವು ತಂತ್ರಾಂಶಗಳು ಬಿಲ್ ಬರೆದ ದಿನದ ಪರಿವರ್ತನೆಯನ್ನು ಬಿಲ್ಲಿನ ಸಾಲಿನಲ್ಲೇ ಉಳಿಸಿಕೊಳ್ಳುತ್ತವೆ, ಅವುಗಳಲ್ಲಿ ಹಳೆಯ ಲೆಕ್ಕಕ್ಕೆ ಧಕ್ಕೆಯಿಲ್ಲ. ಇನ್ನು ಕೆಲವು ಪ್ರತಿ ಸಲ ಐಟಂನ ಪಟ್ಟಿಯನ್ನೇ ನೋಡಿ ಗುಣಿಸುತ್ತವೆ. ಅಂಥದರಲ್ಲಿ ನೀವು ಒಂದು ಅಂಕಿ ತಿದ್ದಿದರೆ ಹೋದ ವರ್ಷ ಕೊಂಡ ಕೇಸುಗಳೂ 120ಕ್ಕೆ ಇಳಿದು, ಕೇಸಿಗೆ 24ರಂತೆ ಸೋಪು ಮಾಯವಾಗುತ್ತವೆ. ಆಗ ಮತ್ತೆ ಹುಡುಗರ ಮೇಲೆ ಅನುಮಾನ.

ಸರಿಯಾದ ದಾರಿ, ‘ಕೇಸ್-120’ ಎಂದು ಹೊಸ ಹಂತ ಸೇರಿಸುವುದು, ‘ಕೇಸ್-144’ ಅನ್ನು ಹಾಗೇ ಬಿಟ್ಟು ಹಳೆಯ ಡಬ್ಬ ಮುಗಿದ ಮೇಲೆ ಖರೀದಿಗೆ ಬರದಂತೆ ಮುಚ್ಚುವುದು. ಅದಕ್ಕಾಗಿಯೇ ಹಂತದ ಹೆಸರಿನಲ್ಲಿ ಮೊದಲ ದಿನದಿಂದಲೇ ಸಂಖ್ಯೆಯನ್ನೂ ಸೇರಿಸಿ ಬರೆಯಿರಿ. ಬರೀ ‘ಕೇಸ್’ ಎಂಬ ಹೆಸರು ಮುಂದೆ ಜಗಳ ತರುತ್ತದೆ. ಟ್ಯಾಲಿಯಲ್ಲಿ ಐಟಂಗೆ ಒಂದೇ ಪರ್ಯಾಯ ಅಳತೆ ಸಿಗುವುದರಿಂದ ಹೊಸ ಕೇಸ್ ಬಂದಾಗ ಖರೀದಿಯನ್ನೂ ಪೀಸ್‌ನಲ್ಲೇ ಹಾಕಿಬಿಡುವುದು ಕ್ಷೇಮ. ಬರೀ ಎಂಆರ್‌ಪಿ ಬದಲಾಗಿದ್ದರೆ ಹೊಸ ಐಟಂ ಬೇಡ, ಅದೇ ಐಟಂನ ಒಳಗೆ ಹೊಸ ಬ್ಯಾಚ್ (ಬೇರೆ ಗುರುತಿನ ಗುಂಪು) ಸಾಕು. ಆದರೆ ಒಳಗಿನ ಸೋಪಿನ ತೂಕವೇ ಬದಲಾಗಿದ್ದರೆ ಅದು ಹೊಸ ಐಟಂ. 100 ಗ್ರಾಂ ಸೋಪನ್ನೂ 110 ಗ್ರಾಂ ಸೋಪನ್ನೂ ಒಂದೇ ಹೆಸರಿನಲ್ಲಿ ಬೆರೆಸಿದರೆ ಯಾವುದು ಎಷ್ಟಿದೆ ಎಂದು ಯಾರೂ ಹೇಳಲಾರರು.

ನಾಲ್ಕು ಸೋಪು ಸುತ್ತಿದ ಪ್ಯಾಕ್ ನಿಮ್ಮಲ್ಲಿಯೂ ಇರಬೇಕು. ಅದು ಹಂತವೋ ಬೇರೆ ಐಟಮೋ? ಹೊದಿಕೆ ಬಿಚ್ಚಿ ಒಳಗಿನ ಸೋಪನ್ನು ನೋಡಿ. ಪ್ರತಿ ಸೋಪಿನ ಮೇಲೂ ಎಂಆರ್‌ಪಿ ಇದ್ದು, ಬಿಡಿಯಾಗಿ ಬರುವ ಅದೇ ಸೋಪೇ ಆಗಿದ್ದರೆ ಹಂತವೆಂದು ಇಟ್ಟುಕೊಳ್ಳಬಹುದು. ಹೊದಿಕೆಯ ಮೇಲೆ ಮಾತ್ರ ಬೆಲೆ ಇದ್ದು ಅದು ನಾಲ್ಕು ಬಿಡಿ ಸೋಪಿಗಿಂತ ಅಗ್ಗವಾಗಿದ್ದರೆ ಅದು ಬೇರೆಯೇ ಐಟಂ, ಅದನ್ನು ಒಡೆದು ಮಾರುವಂತಿಲ್ಲ. ಸಂಶಯವಿದ್ದರೆ ಬೇರೆ ಐಟಂ ಎಂದೇ ಇಟ್ಟುಕೊಳ್ಳಿ.

‘ಹನ್ನೆರಡಕ್ಕೆ ಒಂದು ಉಚಿತ’ ಎಂಬ ಸ್ಕೀಮನ್ನು 13ರ ಡಜನ್ ಎಂದು ಹಂತ ಮಾಡಿಟ್ಟವರನ್ನು ನೋಡಿದ್ದೇನೆ. ಸ್ಕೀಮ್ ತಿಂಗಳಿಗೆ ಮುಗಿಯುತ್ತದೆ, ಹಂತ ಉಳಿಯುತ್ತದೆ. ಉಚಿತವಾಗಿ ಬಂದದ್ದನ್ನು ಖರೀದಿ ಬಿಲ್ಲಿನಲ್ಲೇ ಸೊನ್ನೆ ದರದ ಬೇರೆ ಸಾಲಾಗಿ, ಪೀಸ್‌ನಲ್ಲಿ ಹಾಕಿ.

ದರದ ಬಗ್ಗೆ ಒಂದು ಮಾತು. ಕೇಸಿನ ಕೊಳ್ಳುವ ದರ 2,750 ರೂಪಾಯಿ ಎಂದುಕೊಳ್ಳಿ. 144ರಿಂದ ಭಾಗಿಸಿದರೆ ಒಂದಕ್ಕೆ 19.0972. ಎರಡು ದಶಮಾಂಶಕ್ಕೆ 19.10 ಎಂದು ಇಟ್ಟರೆ ತಿರುಗಿ ಗುಣಿಸಿದಾಗ 2,750.40 ಬರುತ್ತದೆ. ಕೇಸಿಗೆ 40 ಪೈಸೆ ದೊಡ್ಡದಲ್ಲ, ಆದರೆ ಕಂಪನಿಯ ಬಿಲ್ಲಿಗೂ ನಿಮ್ಮ ಖಾತೆಗೂ ಪ್ರತಿ ಸಲ ಕೂಡದೆ ಆಡಿಟರ್ ಬೈಯುತ್ತಾರೆ. ದರಕ್ಕೆ ನಾಲ್ಕು ದಶಮಾಂಶ ಇಡಿ, ಖರೀದಿಯನ್ನು ಕೇಸಿನ ದರದಲ್ಲೇ ಬರೆಯಿರಿ. ಮಾರುವ ದರವನ್ನು ಮಾತ್ರ ಹಂತಕ್ಕೊಂದರಂತೆ ಕೈಯಾರೆ ನಿಗದಿ ಮಾಡಿ. ಡಜನ್ ದರ ಎಂದರೆ ಬಿಡಿ ದರದ ಹನ್ನೆರಡು ಪಟ್ಟು ಎಂದು ತಂತ್ರಾಂಶವೇ ಊಹಿಸುವಂತೆ ಬಿಟ್ಟರೆ ಮಧುಗಿರಿಯ ಅಂಗಡಿಯವರು ಮುಂದಿನ ವಾರದಿಂದ ನಿಮ್ಮಲ್ಲಿಗೆ ಬರುವುದಿಲ್ಲ.

ಬಾರ್‌ಕೋಡ್‌ಗೆ ಬರೋಣ. ಸೋಪಿನ ಮೇಲಿರುವುದು 13 ಅಂಕಿಯ ಸಂಖ್ಯೆ. ಬಾರ್‌ಕೋಡ್ ಸಂಖ್ಯೆ ಕೊಡುವ ಭಾರತದ ಜಿಎಸ್1 ಸಂಸ್ಥೆಯಲ್ಲಿ ನೋಂದಾಯಿಸಿದವರದು 890ರಿಂದ ಆರಂಭವಾಗುತ್ತದೆ. ಕೇಸಿನ ಮೇಲೆ, ಸುತ್ತ ದಪ್ಪ ಚೌಕಟ್ಟಿನ ಒಳಗೆ ಇರುವುದು 14 ಅಂಕಿಯದು. ಅದು ಹುಟ್ಟುವ ರೀತಿ ಹೀಗೆ. ಸೋಪಿನ ಸಂಖ್ಯೆ 8901234567890 ಎಂದುಕೊಳ್ಳಿ (ಇದು ಬರೀ ಉದಾಹರಣೆ). ಕೊನೆಯ 0 ತಪಾಸಣೆಯ ಅಂಕಿ (ಉಳಿದ ಅಂಕಿಗಳನ್ನು ಸರಿಯಾಗಿ ಓದಿತೇ ಎಂದು ನೋಡಲು ಇರುವುದು), ಅದನ್ನು ತೆಗೆದು, ಮುಂದೆ 1 ಸೇರಿಸಿ, ತಪಾಸಣೆಯ ಅಂಕಿಯನ್ನು ಹೊಸದಾಗಿ ಲೆಕ್ಕ ಹಾಕಿದರೆ 18901234567897 ಬರುತ್ತದೆ. ಮುಂದೆ 2 ಸೇರಿಸಿದರೆ 28901234567894. ಮೊದಲ ಅಂಕಿ 1ರಿಂದ 8ರವರೆಗೆ ಯಾವುದೂ ಇರಬಹುದು. 1 ಎಂದರೆ ಚಿಕ್ಕ ಪ್ಯಾಕ್, 2 ಎಂದರೆ ದೊಡ್ಡದು ಎಂಬ ನಿಯಮವೇನೂ ಇಲ್ಲ. ಆ ಸಂಖ್ಯೆಯೊಳಗೆ 144 ಎಂಬ ಮಾಹಿತಿಯೂ ಇಲ್ಲ. ಯಾವ ಬಾರ್‌ಕೋಡ್ ಯಾವ ಹಂತದ್ದು ಎಂದು ನೀವೇ ಐಟಂನಲ್ಲಿ ಜೋಡಿಸಬೇಕು. ಇಆರ್‌ಪಿನೆಕ್ಸ್ಟ್‌ನಲ್ಲಿ ಪ್ರತಿ ಬಾರ್‌ಕೋಡ್ ಪಕ್ಕ ಅಳತೆ ಬರೆಯುವ ಜಾಗವಿದೆ.

ಎರಡು ಎಚ್ಚರಿಕೆ. ಕೆಲವು ಕೇಸುಗಳ ಮೇಲೆ ಒಳಗಿನ ಸೋಪಿನ 13 ಅಂಕಿಯ ಸಂಖ್ಯೆಯನ್ನೇ ಮುದ್ರಿಸಿರುತ್ತಾರೆ. ಅದನ್ನು ಓದಿಸಿದರೆ ಒಂದು ಕೇಸಿಗೆ ಒಂದು ಸೋಪಿನ ಬಿಲ್ ಆಗುತ್ತದೆ, ಸಂಜೆಯ ರಶ್ಶಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಕೇಸಿಗೆ ನಿಮ್ಮದೇ ಚೀಟಿ ಅಂಟಿಸಿ. ಇನ್ನೊಂದು, ಯಂತ್ರ ಸೋಪಿನದನ್ನು ಓದಿ ಕೇಸಿನದನ್ನು ಓದದಿದ್ದರೆ ಅದು ಕೆಟ್ಟಿದೆ ಎಂದು ವಾಪಸ್ ಕೊಡಬೇಡಿ. ಕೇಸಿನ ಮೇಲಿರುವ ಐಟಿಎಫ್ ಮಾದರಿಯ ಗೆರೆಗಳನ್ನು ಓದುವ ವ್ಯವಸ್ಥೆ ಕೆಲವು ಯಂತ್ರಗಳಲ್ಲಿ ಮುಚ್ಚಿರುತ್ತದೆ. ಕೈಪಿಡಿಯಲ್ಲಿರುವ ಸಂಕೇತವನ್ನು ಒಮ್ಮೆ ಓದಿಸಿದರೆ ತೆರೆಯುತ್ತದೆ.

ಅಕ್ಕಿಗೆ ಸೋಪಿನ ನಿಯಮ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಪ್ಯಾಕ್ ಬದಲಾದರೆ ತೆರಿಗೆಯೇ ಬದಲಾಗುತ್ತದೆ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಇದೆ. 25 ಕೆ.ಜಿ. ಮೀರಿದ ಒಂದೇ ಚೀಲಕ್ಕೆ ಇಲ್ಲ. 26 ಕೆ.ಜಿ.ಯ ಅಕ್ಕಿ ಚೀಲ ಮಾರುಕಟ್ಟೆಗೆ ಬಂದದ್ದು ಈ ಕಾರಣಕ್ಕೇ. ಆದರೆ 10 ಕೆ.ಜಿ.ಯ ಐದು ಪ್ಯಾಕ್‌ಗಳನ್ನು 50 ಕೆ.ಜಿ.ಯ ದೊಡ್ಡ ಚೀಲದಲ್ಲಿ ತುಂಬಿಟ್ಟರೆ ಹೊರಚೀಲದ ತೂಕ ಲೆಕ್ಕಕ್ಕೆ ಬಾರದು, ಒಳಗಿನ ಪ್ಯಾಕ್‌ಗೆ ತೆರಿಗೆ ಉಂಟು. 50 ಕೆ.ಜಿ.ಯ ಒಂದೇ ಚೀಲ ಬಿಚ್ಚಿ ಬಿಡಿ ತೂಗಿ ಕೊಟ್ಟರೆ ಇಲ್ಲ. ಒಂದು ಐಟಂಗೆ ಒಂದೇ ತೆರಿಗೆ ದರ ಎಂದು ನಂಬಿಕೊಂಡ ತಂತ್ರಾಂಶದಲ್ಲಿ ಇವೆಲ್ಲವನ್ನೂ ಒಂದೇ ‘ಅಕ್ಕಿ’ಯ ಹಂತಗಳಾಗಿ ಹಾಕಿದರೆ ರಿಟರ್ನ್ ತಪ್ಪಾಗುತ್ತದೆ. ಲೇಬಲ್ ಇರುವ ಪ್ಯಾಕ್ ಒಂದು ಐಟಂ, ದೊಡ್ಡ ಚೀಲ ಮತ್ತು ಬಿಡಿ ಇನ್ನೊಂದು ಐಟಂ. ಲೇಬಲ್ ಪ್ಯಾಕ್ ಒಡೆದು ಬಿಡಿ ಮಾರುವ ಸಂದರ್ಭ ಬಂದರೆ ಸ್ಟಾಕ್ ಜರ್ನಲ್ ಬರೆದು ಒಂದರಿಂದ ಇನ್ನೊಂದಕ್ಕೆ ದಾಟಿಸಿ, ಆ ಭಾಗದ ಇನ್‌ಪುಟ್ ತೆರಿಗೆ (ಕೊಳ್ಳುವಾಗ ನೀವು ಕೊಟ್ಟ ತೆರಿಗೆ) ಏನಾಗುತ್ತದೆ ಎಂದು ನಿಮ್ಮ ಆಡಿಟರನ್ನು ಕೇಳಿ. ಬೆಲ್ಲದ ಕಥೆಯೂ ಹೆಚ್ಚುಕಡಿಮೆ ಇದೇ.

ಹುಣಸೆಯಲ್ಲಿ ಚೀಲವೆಂಬುದು ಹಂತವೇ ಅಲ್ಲ. ಒಂದು ಚೀಲ 48 ಕೆ.ಜಿ. ತೂಗಿದರೆ ಪಕ್ಕದ್ದು 51 ತೂಗುತ್ತದೆ, ಇಟ್ಟಲ್ಲೇ ತೇವ ಆರಿ ಇಳಿಯುತ್ತದೆ ಕೂಡ. ‘1 ಚೀಲ ಎಂದರೆ 50 ಕೆ.ಜಿ.’ ಎಂದು ಬರೆದುಬಿಟ್ಟರೆ ವರ್ಷದ ಕೊನೆಗೆ ಕ್ವಿಂಟಾಲ್‌ಗಟ್ಟಲೆ ವ್ಯತ್ಯಾಸ ನಿಲ್ಲುತ್ತದೆ. ಮೂಲ ಅಳತೆ ಕೆ.ಜಿ., ಮೂರು ದಶಮಾಂಶ. ಚೀಲದ ಸಂಖ್ಯೆಯನ್ನು ಪ್ರತ್ಯೇಕವಾಗಿ, ಪ್ರತಿ ಬಿಲ್ಲಿನಲ್ಲಿ ತೂಕದ ಜೊತೆಗೆ ಬರೆಯಿರಿ. ತಿಪಟೂರಿನಿಂದ ಕೊಬ್ಬರಿ ತರಿಸುವವರಿಗೂ ಇದೇ ಮಾತು. ಕೋಲಾರದ ಟೊಮೆಟೊ ಬಾಕ್ಸನ್ನು 15 ಕೆ.ಜಿ. ಎಂದು ಎಲ್ಲರೂ ಹೇಳುತ್ತಾರೆ. ಅದು ಹರಾಜು ಕೂಗಲು ಒಪ್ಪಿಕೊಂಡ ಲೆಕ್ಕ, ದಾಸ್ತಾನು ಪುಸ್ತಕಕ್ಕೆ ತಕ್ಕಡಿ ಹೇಳಿದ್ದೇ ಬೇಕು.

ಎಣ್ಣೆಯಲ್ಲಿ ಲೀಟರ್ ಮತ್ತು ಕೆ.ಜಿ. ಬೆರೆಸಬೇಡಿ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಆದ್ದರಿಂದ 15 ಲೀಟರ್ ಟಿನ್ನಿನಲ್ಲಿರುವುದು 13.65 ಕೆ.ಜಿ. ಎಣ್ಣೆ, 15 ಕೆ.ಜಿ. ಟಿನ್ನಿನಲ್ಲಿರುವುದು ಹದಿನಾರೂವರೆ ಲೀಟರ್ ಹತ್ತಿರ. ಎರಡೂ ಟಿನ್ ನೋಡಲು ಒಂದೇ. ಇವನ್ನು ಎರಡು ಐಟಂ ಮಾಡಿ. ಒಂದು ಲೀಟರ್ ಪೌಚಿಗೆ ಮಾತ್ರ ಸೋಪಿನ ಹಾಗೆ ಹಂತ ಹಾಕಬಹುದು: ಮೂಲ ಪೌಚ್, ಮೇಲೆ ಪೆಟ್ಟಿಗೆ. ಪೆಟ್ಟಿಗೆಗೆ 10 ಇದೆಯೋ 12 ಇದೆಯೋ ಎಂದು ಬ್ರ್ಯಾಂಡ್ ನೋಡಿ ಬರೆಯಿರಿ.

ಈಗ ಇರುವ ಮೂರು ಐಟಂಗಳನ್ನು ಒಂದು ಮಾಡುವುದು. ಏಪ್ರಿಲ್ 1ರವರೆಗೆ ಕಾಯಲು ಆದರೆ ಒಳ್ಳೆಯದು, ಆಗದಿದ್ದರೆ ಅಂಗಡಿಯ ವಾರದ ರಜೆಯ ದಿನ ಹಿಡಿಯಿರಿ. ಹಿಂದಿನ ಸಂಜೆ ಬರೆಯದೆ ಉಳಿದ ಬಿಲ್ಲುಗಳನ್ನೆಲ್ಲ ಮುಗಿಸಿ, ಫೈಲಿನ ಬ್ಯಾಕಪ್ ತೆಗೆದು ಪೆನ್‌ಡ್ರೈವಿಗೆ ಹಾಕಿ. ಬೆಳಿಗ್ಗೆ ಗೋದಾಮಿನಲ್ಲಿ ಇಬ್ಬರು ಎಣಿಸಲಿ, ಒಬ್ಬರು ಬರೆಯಲಿ. ಪೂರ್ಣ ಕೇಸ್ ಬೇರೆ, ಬಿಡಿ ಬೇರೆ. ಮುಚ್ಚಿದಂತೆ ಕಾಣುವ ಕೇಸುಗಳ ತಳವನ್ನೂ ನೋಡಿ, ಕೆಳಗಿನಿಂದ ಬಿಚ್ಚಿ ಮೇಲೆ ಮುಚ್ಚಿಟ್ಟಿರುವುದು ಉಂಟು. ಆಮೇಲೆ ನೀವು ಈ ಸೋಪಿಗೆ ಮಾಡಿದಂತೆ ಪ್ರತಿ ಸರಕಿಗೂ ಪರದೆಯ ಮೂರು ಅಂಕಿಗಳನ್ನು ಪೀಸ್‌ಗೆ ಇಳಿಸಿ, ಎಣಿಕೆಯೊಂದಿಗೆ ಹೋಲಿಸಿ. ವ್ಯತ್ಯಾಸ ಇದ್ದರೆ ಮೊದಲು ಅದರ ಕಾರಣ ಹುಡುಕಿ, ಬರೆದಿಡಿ. ನಂತರ ಸ್ಟಾಕ್ ಜರ್ನಲ್: ಒಂದು ಕಡೆ 9 ಕೇಸ್ ಹೊರಗೆ, ಇನ್ನೊಂದು ಕಡೆ ಹಳೆಯ ಡಜನ್ ಐಟಂಗೆ 31, ಬಿಡಿ ಐಟಂಗೆ 47, ಹೊಸ ಐಟಂಗೆ 877 ಪೀಸ್ ಒಳಗೆ. 372, 47, 877 ಕೂಡಿದರೆ 1,296, ಅದೇ 9 ಕೇಸ್. ಹೀಗೆ ಹಳೆಯ ಮೂರೂ ಸೊನ್ನೆಗೆ ಬಂದು ನಿಲ್ಲುತ್ತವೆ. ಎರಡು ಕಡೆಯ ಒಟ್ಟು ಮೌಲ್ಯವೂ ಪೈಸೆಗೆ ಪೈಸೆ ಕೂಡಬೇಕು, ಇಲ್ಲವಾದರೆ ಲಾಭವೋ ನಷ್ಟವೋ ಎಲ್ಲಿಂದಲೋ ಹುಟ್ಟುತ್ತದೆ.

ಹಳೆಯ ಐಟಂಗಳನ್ನು ಅಳಿಸಬೇಡಿ, ಹಿಂದಿನ ಬಿಲ್ಲುಗಳು ಅವನ್ನು ನೆಚ್ಚಿಕೊಂಡಿವೆ. ಹೆಸರಿನ ಮುಂದೆ ‘ಹಳೆ’ ಎಂದು ಸೇರಿಸಿ, ಪಟ್ಟಿಯ ಕೊನೆಗೆ ಹೋಗುವಂತೆ ಮಾಡಿ. ಜಿಎಸ್‌ಟಿ ರಿಟರ್ನ್‌ನ ಎಚ್‌ಎಸ್‌ಎನ್ (ಸರಕಿನ ಬಗೆಯ ಸಂಕೇತ ಸಂಖ್ಯೆ) ಸಾರಾಂಶದಲ್ಲಿ ಒಂದೇ ಸೋಪು ಡಬ್ಬ, ಡಜನ್, ಪೀಸ್ ಎಂದು ಮೂರು ಸಾಲಾಗಿ ಹೋಗುತ್ತಿದ್ದದ್ದು ಮುಂದೆ ಒಂದೇ ಸಾಲಾಗಲಿ, ಅದಕ್ಕಾಗಿ ಹೊಸ ಐಟಂನ ಮೂಲ ಅಳತೆಗೆ ಪೀಸ್‌ನ ಅಧಿಕೃತ ಸಂಕೇತವನ್ನೇ ಕೊಡಿ.

ಎಲ್ಲ ಸರಕನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ. ಮೊದಲು ಸೋಪು, ಅದರಲ್ಲೂ ಹೆಚ್ಚು ಓಡುವ ಐದಾರು ಬಗೆ ಸಾಕು. ಒಂದೆರಡು ವಾರ ಪ್ರತಿ ಸಂಜೆ ಅವನ್ನು ಮಾತ್ರ ಎಣಿಸಿ ಪರದೆಗೆ ಹೋಲಿಸಿ. ಬಿಲ್ ಬರೆಯುವವರ ಬೆರಳು ಕೇಸ್, ಪೀಸ್ ಆಯ್ಕೆಗೆ ಒಗ್ಗಿದ ಮೇಲೆ ಬಿಸ್ಕತ್ತಿಗೆ ಕೈಹಾಕಿ. ಅಕ್ಕಿಯನ್ನು ಕೊನೆಗೆ, ಆಡಿಟರ್ ಜೊತೆ ಕುಳಿತು ಮಾಡಿ.